ಎಂಡಿ1 ಹೋಗಿ ಎಂಡಿ127 ಬಂತು: ಒಂದು ಸರ್ವರ್‌ನ ಪ್ರಕರಣ ಅಧ್ಯಯನ

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕ್ ಥರ ಬಳಸುವ ವ್ಯವಸ್ಥೆ) ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಎಂಡಿ127 ಎದುರಾಗುತ್ತದೆ. ಹಾಗೆ ಸೇರಿಸಿದ ಡಿಸ್ಕ್‌ಗಳ ಗುಂಪಿಗೆ ಅರೇ ಅನ್ನುತ್ತಾರೆ, ಲಿನಕ್ಸ್ ಅದಕ್ಕೆ ಎಂಡಿ ಮತ್ತು ಒಂದು ನಂಬರ್ ಸೇರಿಸಿ ಹೆಸರು ಕೊಡುತ್ತದೆ. ನಿನ್ನೆವರೆಗೂ ಎಂಡಿ0, ಎಂಡಿ1 ಅಂತ ಇದ್ದದ್ದು ಒಂದು ರೀಬೂಟ್ ಆದ ಮೇಲೆ 127 ಆಗಿ ಕೂತಿರುತ್ತದೆ. ಜಾಸ್ತಿ ಜನ ಎಲ್ಲೋ ಸಿಕ್ಕ ಎರಡು ಕಮಾಂಡ್ ಹಾಕಿ, ಸರಿಹೋಯ್ತು ಅಂತ ಮುಂದೆ ಹೋಗುತ್ತಾರೆ. ನಾನು ಕೆಲಸ ಮಾಡಿಕೊಟ್ಟ ಒಂದು ತಂಡದಲ್ಲಿ ಅದು ಅಷ್ಟಕ್ಕೆ ನಿಲ್ಲಲಿಲ್ಲ. ಮೂರು ಸಲ ಕಾಟ ಕೊಟ್ಟಿತು, ಎರಡನೇ ಸಲ ತಪ್ಪು ನನ್ನದೇ. ತಂಡದ ಹೆಸರು, ಯಂತ್ರದ ಹೆಸರು, ಜನರ ಹೆಸರು ಎಲ್ಲ ತೆಗೆದುಹಾಕಿದ್ದೇನೆ. ಅಲ್ಲಿದ್ದ ಇಬ್ಬರು ಅಡ್ಮಿನ್‌ಗಳನ್ನು ಹಿರಿಯರು, ಕಿರಿಯರು ಅಂತ ಕರೆಯುತ್ತೇನೆ.

ಹಿನ್ನೆಲೆ

ಒಂದು ಫೈಲ್ ಸರ್ವರ್. ಅದರಲ್ಲಿ ಎರಡು ಅರೇ. ಮೊದಲನೆಯದು 4 ಟಿಬಿಯ ಆರು ಡಿಸ್ಕ್ ಸೇರಿಸಿ ಮಾಡಿದ ರೇಡ್ 6, ಎರಡು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಹೋಗುತ್ತದೆ, ಅಂದರೆ ಬಳಸಲು ಸಿಗುವುದು ಸುಮಾರು 16 ಟಿಬಿ, ಅದರಲ್ಲಿ 9 ತುಂಬಿತ್ತು. ಎಲ್ಲರೂ ದಿನಾ ಕೆಲಸ ಮಾಡುವ ಫೈಲ್‌ಗಳು ಅಲ್ಲೇ. ಎರಡನೆಯದು 12 ಟಿಬಿಯ ಎರಡು ಡಿಸ್ಕ್‌ಗಳ ರೇಡ್ 1 (ಎರಡರಲ್ಲೂ ಒಂದೇ ಡೇಟಾ), ಅದು ರಾತ್ರಿಯ ಬ್ಯಾಕಪ್‌ಗೆ. (ಬ್ಯಾಕಪ್ ಅನ್ನು ಅದೇ ಪೆಟ್ಟಿಗೆಯೊಳಗೆ ಇಡುವುದು ಬುದ್ಧಿವಂತಿಕೆ ಅಲ್ಲ. ಹೇಳಿದ್ದೆ. ಅದು ಬೇರೆ ಜಗಳ.) ಹಳೆಯ ಯಂತ್ರದಲ್ಲಿ ಇವು ವರ್ಷಗಟ್ಟಲೆ ಎಂಡಿ1 ಮತ್ತು ಎಂಡಿ2 ಆಗಿದ್ದವು. ಎಫ್‌ಸ್ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವುದನ್ನು ಯಾವ ಫೋಲ್ಡರ್‌ಗೆ ಮೌಂಟ್ ಮಾಡಬೇಕು, ಅಂದರೆ ಜೋಡಿಸಬೇಕು ಅಂತ ಹೇಳುವ ಫೈಲ್) /ಡೆವ್/ಎಂಡಿ1, /ಡೆವ್/ಎಂಡಿ2 ಅಂತಲೇ ಬರೆದಿತ್ತು. ಹನ್ನೆರಡು ಸ್ಕ್ರಿಪ್ಟ್‌ಗಳಲ್ಲೂ ಅದೇ ಹೆಸರುಗಳು.

ಹಳೆಯ ಮದರ್‌ಬೋರ್ಡ್ ಸತ್ತಿತು. ಹೊಸ ಯಂತ್ರ ತಂದರು, ಎಸ್‌ಎಸ್‌ಡಿ ಮೇಲೆ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದರು, ಹೋಸ್ಟ್‌ನೇಮ್ ಕೂಡ ಹೊಸದು ಕೊಟ್ಟರು. ಅರೇಗಳನ್ನು ಕಟ್ಟಿ ನೋಡಿಕೊಳ್ಳುವ ಎಂಡಿಎಡಿಎಂ ಪ್ಯಾಕೇಜ್ ಹಾಕಿದರು. ಆಮೇಲೆ ಎಂಟು ಡಿಸ್ಕ್‌ಗಳನ್ನು ಸಿಕ್ಕಿಸಿ, ಹಳೆಯ ಎಫ್‌ಸ್ಟ್ಯಾಬ್‌ನ ಎರಡು ಸಾಲುಗಳನ್ನು ಹಾಗೇ ನಕಲು ಮಾಡಿ ಬೂಟ್ ಮಾಡಿದರು. ಈ ಕ್ರಮ ನೆನಪಿರಲಿ, ಪ್ಯಾಕೇಜ್ ಮೊದಲು ಬಂತು, ಡಿಸ್ಕ್‌ಗಳು ಆಮೇಲೆ ಬಂದವು.

ಮೊದಲ ರಾತ್ರಿ

ಬೂಟ್ ಆಗುವಾಗ ತೆರೆ 90 ಸೆಕೆಂಡ್ ನಿಂತಿತು. ಎಂಡಿ1 ಬರುತ್ತದೆ ಅಂತ, ಬೂಟ್ ನಡೆಸುವ ಸಿಸ್ಟಮ್‌ಡಿ ಕಾಯ್ತಾ ಇತ್ತು. ಬರಲಿಲ್ಲ. ಎಫ್‌ಸ್ಟ್ಯಾಬ್‌ನಲ್ಲಿ ನೋಫೇಲ್ (ಇದು ಬರದಿದ್ದರೂ ಬೂಟ್ ಮುಂದುವರಿಸು ಅನ್ನುವ ಸೂಚನೆ) ಇರಲಿಲ್ಲ, ಹಾಗಾಗಿ ಸೀದಾ ಎಮರ್ಜೆನ್ಸಿ ಮೋಡ್.

ಹಿರಿಯರು ಅರೇಗಳ ಸ್ಥಿತಿ ತೋರಿಸುವ /ಪ್ರಾಕ್/ಎಂಡಿಸ್ಟ್ಯಾಟ್ ತೆಗೆದು ನೋಡಿದರು. ಎಂಡಿ127, ಎಂಡಿ126 ಅಂತ ಎರಡು ಸಾಲು ಇತ್ತು, ಪಕ್ಕದಲ್ಲಿ ‘ಆಟೋ-ರೀಡ್-ಓನ್ಲಿ’ ಅಂತಲೂ ಇತ್ತು. ಅದನ್ನು ಅವರು ಎರಡು ಕಡೆ ತಪ್ಪಾಗಿ ಓದಿದರು. 127, 126 ಅನ್ನೋದು ಹೊಸ ಮದರ್‌ಬೋರ್ಡ್‌ನ ರೇಡ್ ಚಿಪ್ ತಾನಾಗಿ ಮಾಡಿಕೊಂಡ ಯಾವುದೋ ಅರೇ ಅಂದುಕೊಂಡರು. ರೀಡ್-ಓನ್ಲಿ ಅಂದರೆ ಏನೋ ಕೆಟ್ಟಿದೆ ಅಂದುಕೊಂಡರು. ಎರಡೂ ಅಲ್ಲ. ಕಾನ್ಫಿಗ್‌ನಲ್ಲಿ ಪರಿಚಯ ಇಲ್ಲದ ಅರೇ ಕಂಡರೆ ಎಂಡಿಎಡಿಎಂ ಅದನ್ನು ಹುಷಾರಾಗಿ ಕಟ್ಟುತ್ತದೆ: ಯಾರಾದರೂ ಬರೆಯುವವರೆಗೆ ಡಿಸ್ಕ್ ಮೇಲೆ ತಾನಾಗಿ ಏನೂ ಬರೆಯಲ್ಲ, ಮೊದಲ ಬರವಣಿಗೆ ಬಂದ ತಕ್ಷಣ ಮಾಮೂಲಿ ಸ್ಥಿತಿಗೆ ಬರುತ್ತದೆ. ಅದು ಕಾಯಿಲೆ ಅಲ್ಲ, ಸಂಕೋಚ.

ನಮ್ಮ ಎಂಡಿ1 ಎಲ್ಲಿ ಅಂತ ಹುಡುಕಿದರೆ /ಡೆವ್ ಒಳಗೆ ಆ ಫೈಲೇ ಇಲ್ಲ. ಹಿರಿಯರು ಹಳೆಯ ಕಾಲದವರು. ಡಿವೈಸ್ ಫೈಲ್‌ಗಳನ್ನು ಕೈಯಲ್ಲೇ ಮಾಡಿಕೊಂಡು ಬಂದವರು. ಎಂಡಿ ಡ್ರೈವರ್‌ನ ಮೇಜರ್ ನಂಬರ್ 9 ಅನ್ನೋದು ಅವರಿಗೆ ಬಾಯಿಪಾಠ. ಫೈಲ್ ಇಲ್ಲ ಅಲ್ವಾ, ಮಾಡಿದರಾಯ್ತು ಅಂತ ಎಂಕೆನಾಡ್ ಕಮಾಂಡ್ ಹಾಕಿ, ಬ್ಲಾಕ್ ಡಿವೈಸ್, ಮೇಜರ್ 9, ಮೈನರ್ 1 ಅಂತ ಕೊಟ್ಟು /ಡೆವ್/ಎಂಡಿ1 ಮಾಡಿಯೇ ಬಿಟ್ಟರು. ಮೌಂಟ್ ಮಾಡಲು ಹೋದರೆ ‘ಸೂಪರ್‌ಬ್ಲಾಕ್ ಓದಲು ಆಗುತ್ತಿಲ್ಲ’ ಅನ್ನುವ ಸಂದೇಶ ಬಂತು, ಅಂದರೆ ಫೈಲ್‌ಸಿಸ್ಟಮ್‌ನ ಮೂಲ ವಿವರವೇ ಸಿಗುತ್ತಿಲ್ಲ ಅಂತ.

ಅಲ್ಲಿಗೆ ಅವರ ಎದೆ ಒಡೆಯಿತು. ಫೈಲ್ ಇದೆ, ತೆರೆಯುತ್ತದೆ, ಒಳಗೆ ಏನೂ ಇಲ್ಲ. 9 ಟಿಬಿ ಹೋಯ್ತು ಅಂತಲೇ ಅರ್ಥ ಮಾಡಿಕೊಂಡರು. ಹುಡುಕಿ ಹುಡುಕಿ ಎಲ್ಲೋ ಒಂದು ಸಲಹೆ ಸಿಕ್ಕಿತು: ಅದೇ ಡಿಸ್ಕ್‌ಗಳ ಮೇಲೆ ಎಂಡಿಎಡಿಎಂ --ಕ್ರಿಯೇಟ್ ಹಾಕಿ, ಜೊತೆಗೆ --ಅಸ್ಯೂಮ್-ಕ್ಲೀನ್ ಕೊಡಿ, ಅರೇ ವಾಪಸ್ ಬರುತ್ತೆ ಅಂತ. ಆ ಸಾಲನ್ನು ಟೈಪ್ ಮಾಡಿ, ಎಂಟರ್ ಒತ್ತುವ ಮುಂಚೆ ನನಗೆ ಫೋನ್ ಮಾಡಿದರು. ಆ ಫೋನ್ ಮಾಡಿದ್ದು ಈ ಇಡೀ ಪ್ರಕರಣದ ಅತ್ಯುತ್ತಮ ನಿರ್ಧಾರ. ಮುಂದೆ ನಾನು ಮಾಡಿದ್ದೆಲ್ಲ ಅದರ ಮುಂದೆ ಸಣ್ಣದು.

ಕ್ರಿಯೇಟ್ ಯಾಕೆ ಬೇಡ ಅಂತ ಫೋನಿನಲ್ಲಿ ಹೇಳಿದ್ದು ಇಷ್ಟು. ಅದು ಇರುವ ಅರೇಯನ್ನು ಎಬ್ಬಿಸಲ್ಲ. ಒಂದೊಂದು ಡಿಸ್ಕ್ ಮೇಲೂ ಅರೇಯ ವಿವರ ಬರೆದಿಟ್ಟ ಸೂಪರ್‌ಬ್ಲಾಕ್‌ಗಳಿವೆಯಲ್ಲ, ಅವುಗಳ ಮೇಲೆ ಹೊಸದು ಬರೆಯುತ್ತದೆ. ಡಿಸ್ಕ್‌ಗಳ ಕ್ರಮ ಒಂದು ಹೆಚ್ಚುಕಮ್ಮಿ ಆದರೂ ಓದುವುದೆಲ್ಲ ಕಲಸುಮೇಲೋಗರ. ಕ್ರಮ ಸರಿ ಇದ್ದರೂ ಸಾಲದು. ಎಂಡಿಎಡಿಎಂನ ಹಳೆಯ ಆವೃತ್ತಿಗಳು ಸುಮ್ನೆ ಬಿಟ್ಟರೆ 64 ಕೆಬಿ ಚಂಕ್ (ಒಂದು ಡಿಸ್ಕ್‌ನಲ್ಲಿ ಒಂದು ಸಲಕ್ಕೆ ಇಡುವ ಡೇಟಾ ತುಂಡು) ಹಾಕುತ್ತಿದ್ದವು, ಈಗಿನವು 512 ಕೆಬಿ ಹಾಕುತ್ತವೆ. ಡಿಸ್ಕ್‌ನ ಯಾವ ಜಾಗದಿಂದ ಡೇಟಾ ಶುರು ಅನ್ನೋದೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಹಳೆಯ ಯಂತ್ರದಲ್ಲಿ ಮಾಡಿದ ಅರೇಯನ್ನು ಹೊಸ ಯಂತ್ರದ ಎಂಡಿಎಡಿಎಂನಿಂದ ಕ್ರಿಯೇಟ್ ಮಾಡಿದರೆ ಇವೆರಡೂ ಹೊಂದದೇ ಇರುವ ಸಾಧ್ಯತೆ ಜಾಸ್ತಿ. ಅಸ್ಯೂಮ್-ಕ್ಲೀನ್ ಮರೆತು ಒತ್ತಿದ್ದರಂತೂ ತಪ್ಪು ಲೆಕ್ಕದ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಪಡೆಯಲು ಇಡುವ ಲೆಕ್ಕ) ಬರೆಯಲು ಶುರು ಮಾಡುತ್ತಿತ್ತು.

ಬೋರ್ಡ್ ಇದೆ, ಮನೆ ಇಲ್ಲ

ಆ ಎಂಡಿ1 ಏನು ಹಾಗಾದರೆ? ನನಗೆ ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಿವೈಸ್ ಫೈಲ್ ಅಂದರೆ ಎರಡು ಸಂಖ್ಯೆ ಬರೆದ ಒಂದು ಬೋರ್ಡ್ ಅಷ್ಟೇ. ಮೇಜರ್ ಯಾವ ಡ್ರೈವರ್ ಅಂತ ಹೇಳುತ್ತದೆ, ಮೈನರ್ ಆ ಡ್ರೈವರ್‌ನ ಎಷ್ಟನೇ ಡಿವೈಸ್ ಅಂತ ಹೇಳುತ್ತದೆ. ಒಂದು ಕಾಲದಲ್ಲಿ ಈ ಬೋರ್ಡ್‌ಗಳನ್ನೆಲ್ಲ ಇನ್‌ಸ್ಟಾಲ್ ಮಾಡುವಾಗಲೇ ಸಾಲಾಗಿ ಹೊಡೆದಿಡುತ್ತಿದ್ದರು, ಅರೇ ಇರಲಿ ಇಲ್ಲದಿರಲಿ ಎಂಡಿ0, ಎಂಡಿ1 ಫೈಲ್‌ಗಳು ಡಿಸ್ಕ್ ಮೇಲೆ ಇದ್ದೇ ಇರುತ್ತಿದ್ದವು. ಈಗ ಹಾಗಿಲ್ಲ. 2009ರ ಕೊನೆಯಲ್ಲಿ ಬಂದ 2.6.32 ಕರ್ನಲ್‌ನಿಂದ ಡೆವ್‌ಟೆಂಪ್‌ಎಫ್‌ಎಸ್ ಇದೆ. ಡಿವೈಸ್ ಹುಟ್ಟಿದಾಗ ಕರ್ನಲ್ ತಾನೇ /ಡೆವ್ ಒಳಗೆ ಫೈಲ್ ಇಡುತ್ತದೆ, ಡಿವೈಸ್ ಹೋದಾಗ ತೆಗೆಯುತ್ತದೆ. ಡಿವೈಸ್‌ಗಳನ್ನು ನೋಡಿಕೊಳ್ಳುವ ಯುಡೆವ್ ಅನ್ನುವ ಪ್ರೋಗ್ರಾಂ ಅದರ ಮೇಲೆ ಅನುಮತಿಗಳನ್ನು ಹಾಕಿ, ಹೆಸರಿನ ಲಿಂಕ್‌ಗಳನ್ನು ಸೇರಿಸುತ್ತದೆ. ಅಂದರೆ ಮೊದಲು ಮನೆ, ಆಮೇಲೆ ಬೋರ್ಡ್.

ಆದರೆ ಎಂಡಿ ಡ್ರೈವರ್‌ಗೆ ಒಂದು ಹಳೆಯ ಚಾಳಿ ಇದೆ. ಹಿಂದೆ ಅರೇ ಕಟ್ಟಬೇಕಾದರೆ ಮೊದಲು /ಡೆವ್/ಎಂಡಿ1 ಥರದ ಫೈಲ್ ತೆರೆದು, ಆ ಮೂಲಕವೇ ಡ್ರೈವರ್‌ಗೆ ಡಿಸ್ಕ್‌ಗಳ ಪಟ್ಟಿ ಕೊಡಬೇಕಿತ್ತು. ಕಟ್ಟುವ ಮುಂಚೆಯೇ ತೆರೆಯಬೇಕಾದರೆ, ತೆರೆದ ತಕ್ಷಣ ಒಂದು ಖಾಲಿ ಅರೇ ಹುಟ್ಟಬೇಕು. ಆ ವ್ಯವಸ್ಥೆ ಇನ್ನೂ ಉಳಿದಿದೆ. ಮೇಜರ್ 9, ಮೈನರ್ 1 ಇರುವ ಫೈಲ್ ಅನ್ನು ಯಾರಾದರೂ ತೆರೆದರೆ, ಅಂಥ ಅರೇ ಇಲ್ಲದಿದ್ದರೂ ಕರ್ನಲ್ ಒಂದು ಖಾಲಿ ಎಂಡಿ1 ಹುಟ್ಟಿಸುತ್ತದೆ. ಡಿಸ್ಕ್ ಇಲ್ಲ, ಲೆವೆಲ್ ಇಲ್ಲ, ಗಾತ್ರ ಸೊನ್ನೆ. ಹಿರಿಯರ ಮೌಂಟ್ ಕಮಾಂಡ್ ಮಾಡಿದ್ದು ಇದನ್ನೇ. ಬೋರ್ಡ್ ಹೊಡೆದು ಬಾಗಿಲು ತಟ್ಟಿದರು, ಕರ್ನಲ್ ಒಂದು ಖಾಲಿ ಸೈಟ್ ತೋರಿಸಿತು, ಇವರು ಮನೆ ಬಿದ್ದುಹೋಗಿದೆ ಅಂತ ಅತ್ತರು.

ಈ ದೆವ್ವ ಸುಲಭಕ್ಕೆ ಕೈಗೆ ಸಿಗಲ್ಲ. ಎಂಡಿಸ್ಟ್ಯಾಟ್‌ನಲ್ಲಿ ಕಾಣಲ್ಲ, ಯಾಕೆಂದರೆ ಡಿಸ್ಕ್ ಇಲ್ಲದ ಅರೇಯನ್ನು ಅದು ತೋರಿಸಲ್ಲ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕೂಡ ಸೊನ್ನೆ ಗಾತ್ರದ್ದನ್ನು ಸುಮ್ನೆ ದಾಟಿ ಹೋಗುತ್ತದೆ. ಎಂಡಿಎಡಿಎಂ --ಡೀಟೇಲ್ ಕೇಳಿದರೆ ‘ಸಕ್ರಿಯವಾಗಿದ್ದಂತೆ ಕಾಣುತ್ತಿಲ್ಲ’ ಅನ್ನುತ್ತದೆ. ಇನ್ನೂ ಮಜಾ ಅಂದರೆ, ಹಾಗೆ ಕೇಳಿ ಮುಚ್ಚಿದ ಮೇಲೆ ಆ ಖಾಲಿ ಅರೇ ಮಾಯವಾಗಬಹುದು, ಕೈಯಲ್ಲಿ ಮಾಡಿದ ಫೈಲ್ ಮಾತ್ರ ಉಳಿಯುತ್ತದೆ, ಮತ್ತೆ ತೆರೆದರೆ ಮತ್ತೆ ಹುಟ್ಟುತ್ತದೆ. ನಾನು ಅವರಿಂದ ನೋಡಿಸಿದ್ದು /ಸಿಸ್/ಬ್ಲಾಕ್/ಎಂಡಿ1 ಒಳಗೆ. ಸೈಜ್ ಫೈಲ್‌ನಲ್ಲಿ 0, ಅರೇ-ಸ್ಟೇಟ್ ಫೈಲ್‌ನಲ್ಲಿ ‘ಕ್ಲಿಯರ್’. ಇವೆರಡು ಕಂಡರೆ ಅದು ನಿಮ್ಮ ಡೇಟಾ ಅಲ್ಲ, ಕರ್ನಲ್‌ನ ಶಿಷ್ಟಾಚಾರ. (ಈ ಚಾಳಿ ಬೇಡ ಅಂದರೆ ಎಂಡಿ ಮಾಡ್ಯೂಲ್‌ನ ಕ್ರಿಯೇಟ್-ಆನ್-ಓಪನ್ ಪ್ಯಾರಾಮೀಟರ್ ಆಫ್ ಮಾಡಬಹುದು. ನಾವು ಮಾಡಲಿಲ್ಲ, ಒಂದು ರಾತ್ರಿಯ ಗಾಬರಿಗೆ ಇನ್ನೊಂದು ವಿಶೇಷ ಸೆಟ್ಟಿಂಗ್ ಯಾಕೆ ಅನ್ನಿಸಿತು.)

ಆಮೇಲಿನದು ಬೇಗ ಮುಗಿಯಿತು. ಒಂದೊಂದು ಡಿಸ್ಕ್ ಮೇಲೂ ಎಂಡಿಎಡಿಎಂ --ಎಕ್ಸಾಮಿನ್ ಓಡಿಸಿ ಫೋಟೋ ಕಳಿಸಲು ಹೇಳಿದೆ. ಅದು ಬರೀ ಓದುತ್ತದೆ, ಏನೂ ಬರೆಯಲ್ಲ. ಆರೂ ಡಿಸ್ಕ್‌ಗಳ ಈವೆಂಟ್ ಎಣಿಕೆ ಒಂದೇ, ಅಂದರೆ ಯಾವುದೂ ಹಿಂದೆ ಬಿದ್ದಿಲ್ಲ. ಸ್ಥಿತಿ ಆರಕ್ಕೆ ಆರು ‘ಎ’, ಅಂದರೆ ಸಕ್ರಿಯ. ಹೆಸರಿನ ಜಾಗದಲ್ಲಿ ಹಳೆಯ ಹೋಸ್ಟ್‌ನೇಮ್, ಒಂದು ಕೋಲನ್, ಆಮೇಲೆ 1. ಎಂಡಿ127 ಅನ್ನು ರೀಡ್-ಓನ್ಲಿಯಾಗಿ ಮೌಂಟ್ ಮಾಡಿಸಿದೆ. ಫೈಲ್‌ಗಳೆಲ್ಲ ಅಲ್ಲೇ ಇದ್ದವು. ಅತ್ತ ಕಡೆಯಿಂದ ಬಂದ ಉಸಿರು ಫೋನಿನಲ್ಲೇ ಕೇಳಿಸಿತು.

127 ಎಲ್ಲಿಂದ ಬಂತು

ಹಳೆಯ 0.90 ಸೂಪರ್‌ಬ್ಲಾಕ್ ಇದ್ದ ಕಾಲದಲ್ಲಿ ಅರೇಯ ನಂಬರ್ ಡಿಸ್ಕ್ ಮೇಲೇ ಬರೆದಿರುತ್ತಿತ್ತು. ಪಾರ್ಟಿಷನ್ ಟೈಪ್ ಎಫ್‌ಡಿ ಅಂತ ಕೊಟ್ಟರೆ ಕರ್ನಲ್ ತಾನೇ ಹುಡುಕಿ, ಕಟ್ಟಿ, ಅದೇ ನಂಬರ್ ಕೊಡುತ್ತಿತ್ತು. ಹಿರಿಯರ ತಲೆಯಲ್ಲಿ ಇದ್ದದ್ದು ಆ ಲೋಕ. ಈಗ ಸಾಮಾನ್ಯವಾಗಿ ಬರುವ 1.2 ಸೂಪರ್‌ಬ್ಲಾಕ್‌ನಲ್ಲಿ ನಂಬರ್‌ಗೆ ಜಾಗ ಇಲ್ಲ, ಹೆಸರಿಗೆ ಇದೆ. ಆ ಹೆಸರಿನ ಮುಂದೆ ಅರೇ ಮಾಡಿದ ಯಂತ್ರದ ಹೆಸರೂ ಸೇರಿರುತ್ತದೆ. ಬೂಟ್ ಆಗುವಾಗ ಒಂದೊಂದು ಡಿಸ್ಕ್ ಕಂಡ ಹಾಗೆ ಯುಡೆವ್ ಎಂಡಿಎಡಿಎಂ ಅನ್ನು ಕರೆದು ‘ಇದೊಂದು ಸಿಕ್ತು, ಸೇರಿಸ್ಕೋ’ ಅನ್ನುತ್ತದೆ. ಎಂಡಿಎಡಿಎಂ ಮೊದಲು ತನ್ನ ಕಾನ್ಫಿಗ್ ನೋಡುತ್ತದೆ. ಅಲ್ಲಿ ಈ ಯುಯುಐಡಿಯ (ಅರೇಯ ವಿಶಿಷ್ಟ ಗುರುತು ಸಂಖ್ಯೆ) ಸಾಲು ಇದ್ದರೆ ಅಲ್ಲಿ ಹೇಳಿದ ಹೆಸರು. ಇಲ್ಲದಿದ್ದರೆ ಸೂಪರ್‌ಬ್ಲಾಕ್‌ನ ಹೋಸ್ಟ್‌ನೇಮ್ ನಮ್ಮದೇನಾ ಅಂತ ನೋಡುತ್ತದೆ. ನಮ್ಮದೇ ಆದರೆ, ಹೆಸರು 1 ಅಂತ ಇದ್ದರೆ ಎಂಡಿ1 ಕೊಡುತ್ತದೆ. ಹಳೆಯ ಯಂತ್ರದಲ್ಲಿ ವರ್ಷಗಟ್ಟಲೆ ನಡೆದದ್ದು ಇದು. ಬೇರೆಯವರದ್ದು ಆದರೆ ಪರಕೀಯ ಅರೇ ಅಂತ ಲೆಕ್ಕ, ಅದು ಬಂದು ಮನೆಯವರ ಎಂಡಿ1 ಕಸಿದುಕೊಳ್ಳಬಾರದು. ಹಾಗಾಗಿ 127ರಿಂದ ಕೆಳಮುಖವಾಗಿ ಯಾವ ನಂಬರ್ ಖಾಲಿ ಇದೆಯೋ ಅದು. ಜನ ಕೈಯಲ್ಲಿ ಕೊಡುವ ನಂಬರ್‌ಗಳು 0, 1, 2 ಅಂತ ಕೆಳಗಿನಿಂದ ಬರುತ್ತವೆ, ಯಂತ್ರ ಕೊಡುವುದು ಮೇಲಿನಿಂದ. ಜೊತೆಗೆ /ಡೆವ್/ಎಂಡಿ ಡೈರೆಕ್ಟರಿಯೊಳಗೆ ಹಳೆಯ ಹೋಸ್ಟ್‌ನೇಮ್ ಸಮೇತ ಒಂದು ಲಿಂಕ್ ಬರುತ್ತದೆ. ಆ ಲಿಂಕ್ ಆ ರಾತ್ರಿಯೂ ಇತ್ತು. ಒಂದು ಎಲ್‌ಎಸ್ ಹಾಕಿದ್ದರೆ ಉತ್ತರ ಕಣ್ಣೆದುರೇ ಸಿಗುತ್ತಿತ್ತು.

127 ಅಂದರೆ ಸಾಲಿನಲ್ಲಿ ನಿಂತಾಗ ಸಿಗುವ ಟೋಕನ್. ಇವತ್ತು ನಿಮಗೆ, ನಾಳೆ ಇನ್ನೊಬ್ಬರಿಗೆ.

ಇದನ್ನೆಲ್ಲ ಫೋನಿನಲ್ಲಿ ಗಂಭೀರವಾಗಿ ವಿವರಿಸಿದವನು ನಾನು. ಅದೇ ಬಾಯಲ್ಲಿ, ರಾತ್ರಿ ಹನ್ನೆರಡೂವರೆ ಆಗಿದೆ, ಸದ್ಯಕ್ಕೆ ಎಫ್‌ಸ್ಟ್ಯಾಬ್‌ನಲ್ಲಿ ಎಂಡಿ1 ಇದ್ದಲ್ಲಿ 127, ಎಂಡಿ2 ಇದ್ದಲ್ಲಿ 126 ಹಾಕಿಬಿಡಿ, ನಾಳೆ ಸರಿಯಾಗಿ ಮಾಡೋಣ ಅಂದೆ.

ನಾಳೆ ಮೂರು ವಾರ ಬರಲಿಲ್ಲ.

ಸೋಮವಾರ ಬೆಳಿಗ್ಗೆ

ಮೂರನೇ ವಾರದ ಶುಕ್ರವಾರ ಸಂಜೆ ಕರ್ನಲ್ ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದರು. ಬೂಟ್ ಸಲೀಸಾಗಿ ಆಯಿತು, ಒಂದು ಎಚ್ಚರಿಕೆಯೂ ಇಲ್ಲ. ಎಲ್ಲರೂ ಮನೆಗೆ ಹೋದರು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಕೂತವರು ತಮ್ಮ ಫೋಲ್ಡರ್‌ಗಳೆಲ್ಲ ಮಾಯ, ಬದಲಿಗೆ ತಾರೀಖಿನ ಹೆಸರಿನ ಫೋಲ್ಡರ್‌ಗಳು ಇವೆ ಅಂತ ದೂರು ಹೇಳಿದರು. ಕಿರಿಯರು ಡಿಎಫ್ ಹಾಕಿ ನೋಡಿದರೆ 16 ಟಿಬಿಯ ವಾಲ್ಯೂಮ್ ಪೂರ್ತಿ ತುಂಬಿದೆ, ಅದೂ /ಬ್ಯಾಕಪ್‌ನಲ್ಲಿ ಕೂತಿದೆ.

ಎರಡೂ ಅದಲುಬದಲಾಗಿದ್ದವು. ಅರೇಗೆ ನಂಬರ್ ಸಿಗುವುದು ಅದರ ಎಲ್ಲ ಡಿಸ್ಕ್ ಬಂದಾಗ ಅಲ್ಲ, ಮೊದಲನೇ ಡಿಸ್ಕ್ ಕಂಡಾಗ. ಡಿಸ್ಕ್‌ಗಳು ಕಾಣಿಸುವ ಕ್ರಮಕ್ಕೆ ಗ್ಯಾರಂಟಿ ಇಲ್ಲ, ಕರ್ನಲ್ ಅವನ್ನು ಏಕಕಾಲಕ್ಕೆ ತಡಕುತ್ತದೆ. ಮೊದಲ ಸಲ ರೇಡ್ 6ರ ಯಾವುದೋ ಡಿಸ್ಕ್ ಮೊದಲು ಬಂದು 127 ಟೋಕನ್ ತಗೊಂಡಿತ್ತು. ಈ ಸಲ ಬ್ಯಾಕಪ್‌ನ ಡಿಸ್ಕ್ ಮೊದಲು ಬಂತು. ಅಷ್ಟೇ. ಅರೇಗಳು ಚೆನ್ನಾಗಿವೆ, ಫೈಲ್‌ಸಿಸ್ಟಮ್‌ಗಳು ಚೆನ್ನಾಗಿವೆ, ಎರಡೂ ಮೌಂಟ್ ಆಗಿವೆ, ಜಾಗ ಮಾತ್ರ ತಪ್ಪು. ಮೊದಲ ರಾತ್ರಿಯದು ಜೋರಾಗಿ ಕೂಗಿದ ತೊಂದರೆ, ಇದು ಸದ್ದಿಲ್ಲದ್ದು. ನನಗೆ ಜೋರಾಗಿ ಕೂಗುವುದೇ ವಾಸಿ.

ವಾರಾಂತ್ಯದಲ್ಲಿ ಏನಾಯಿತು ಅಂದರೆ, ಶುಕ್ರವಾರ ರಾತ್ರಿ 11ಕ್ಕೆ ಬ್ಯಾಕಪ್ ಕೆಲಸ ಶುರುವಾಯಿತು. ಅದು /ಡೇಟಾದಲ್ಲಿ ಇರುವುದನ್ನು ಆರ್‌ಸಿಂಕ್‌ನಿಂದ /ಬ್ಯಾಕಪ್ ಒಳಗೆ ಆ ದಿನದ ಫೋಲ್ಡರ್‌ಗೆ ನಕಲು ಮಾಡುತ್ತದೆ. ಈಗ /ಡೇಟಾದಲ್ಲಿ ಇದ್ದದ್ದು ಹಳೆಯ ಬ್ಯಾಕಪ್‌ಗಳು. ಬ್ಯಾಕಪ್‌ನ ಬ್ಯಾಕಪ್ ತಗೊಂಡು ಜೀವಂತ ಡೇಟಾ ಇರುವ ವಾಲ್ಯೂಮ್ ಮೇಲೆ ಸುರಿಯಿತು. ಅಲ್ಲಿ ಖಾಲಿ ಇದ್ದದ್ದು 7 ಟಿಬಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅದು ತುಂಬಿ ಕೆಲಸ ನಿಂತಿತು. ಶನಿವಾರ, ಭಾನುವಾರದ ಸುತ್ತುಗಳು ಶುರುವಿನಲ್ಲೇ ಬಿದ್ದವು. ತಪ್ಪಿನ ಮೇಲ್‌ಗಳು ಬಂದಿದ್ದವು, ಯಾರೂ ಓದಿರಲಿಲ್ಲ.

ಏನೂ ಅಳಿಸಿಹೋಗಲಿಲ್ಲ. ಅದಕ್ಕೆ ಕಾರಣ ನಮ್ಮ ಜಾಣತನ ಅಲ್ಲ. ಸ್ಕ್ರಿಪ್ಟ್ ದಿನಕ್ಕೊಂದು ಹೊಸ ಫೋಲ್ಡರ್ ಮಾಡುವ ಥರದ್ದಾಗಿತ್ತು, ಹಾಗಾಗಿ ಪಕ್ಕದಲ್ಲಿ ಸೇರಿಸಿತು. ಅದರ ಬದಲು ಆರ್‌ಸಿಂಕ್ ಅನ್ನು --ಡಿಲೀಟ್ ಜೊತೆ ಸೀದಾ /ಬ್ಯಾಕಪ್ ಬೇರಿನ ಮೇಲೆ ಓಡಿಸುವ ಕನ್ನಡಿ ಥರದ ಬ್ಯಾಕಪ್ ಆಗಿದ್ದರೆ, ಜೀವಂತ ಫೈಲ್‌ಗಳನ್ನೆಲ್ಲ ‘ಮೂಲದಲ್ಲಿ ಇಲ್ಲ’ ಅಂತ ಒರೆಸಿಹಾಕುತ್ತಿತ್ತು. ಎಷ್ಟೋ ಕಡೆ ಆ ಥರವೇ ಇರುತ್ತದೆ. ಅದನ್ನು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಎರಡನ್ನೂ ಅನ್‌ಮೌಂಟ್ ಮಾಡಿಸಿ, ರೀಡ್-ಓನ್ಲಿಯಾಗಿ ಬೇರೆ ಜಾಗದಲ್ಲಿ ಮೌಂಟ್ ಮಾಡಿ, ಯಾವುದು ಯಾವುದು ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಆಮೇಲೆ ಆ ಹೊಸ ಫೋಲ್ಡರ್‌ಗಳನ್ನು ಅಳಿಸಿದೆವು. ಅರ್ಧ ದಿನ ಹೋಯಿತು. ‘ಸದ್ಯಕ್ಕೆ 127 ಹಾಕಿ’ ಅಂದವನು ನಾನೇ ಅಂತ ಎಲ್ಲರ ಮುಂದೆ ಹೇಳಿದೆ. ಮೂರು ವಾರ ಯಾರೂ ಆ ಸಾಲು ಮುಟ್ಟಿರಲಿಲ್ಲ ಅನ್ನೋದು ನಿಜ, ಆದರೆ ನಡೆಯುತ್ತಿರುವ ಸಾಲನ್ನು ಯಾರು ಮುಟ್ಟುತ್ತಾರೆ? ಆ ರಾತ್ರಿಯೇ ಯುಯುಐಡಿ ಹಾಕಿಸಲು ಇನ್ನೆರಡು ನಿಮಿಷ ಸಾಕಿತ್ತು.

ಕಾನ್ಫಿಗ್ ಸರಿ, ಬೂಟ್ ತಪ್ಪು

ಈ ಸಲ ಕಿರಿಯರು ತಾವೇ ಮಾಡುತ್ತೇನೆ ಅಂದರು. ಎಂಡಿಎಡಿಎಂ --ಡೀಟೇಲ್ --ಸ್ಕ್ಯಾನ್ ಓಡಿಸಿ, ಬಂದ ಎರಡು ಅರೇ ಸಾಲುಗಳನ್ನು ಎಂಡಿಎಡಿಎಂ ಕಾನ್ಫಿಗ್‌ಗೆ ಹಾಕಿ, ಹೆಸರನ್ನು ತಿದ್ದಿ /ಡೆವ್/ಎಂಡಿ1, /ಡೆವ್/ಎಂಡಿ2 ಮಾಡಿದರು. ಎರಡೂ ಅರೇ ನಿಲ್ಲಿಸಿ, ಕೈಯಲ್ಲಿ --ಅಸೆಂಬಲ್ --ಸ್ಕ್ಯಾನ್ ಕೊಟ್ಟರು. ಎಂಡಿ1, ಎಂಡಿ2 ಸರಿಯಾಗಿ ಬಂದವು. ಎಫ್‌ಸ್ಟ್ಯಾಬ್ ಅನ್ನು ಹಳೆಯ ಹೆಸರಿಗೆ ತಿರುಗಿಸಿ ರೀಬೂಟ್ ಮಾಡಿದರು. ಮತ್ತೆ 127. ಮತ್ತೆ ಎಮರ್ಜೆನ್ಸಿ ಮೋಡ್.

ಎರಡು ಗಂಟೆ ಕಾನ್ಫಿಗ್‌ನ ಒಂದೊಂದು ಅಕ್ಷರ ನೋಡಿದರಂತೆ. ಕೈಯಲ್ಲಿ ಮಾಡಿದರೆ ಬರುತ್ತೆ, ಬೂಟ್‌ನಲ್ಲಿ ಬರಲ್ಲ. ಆಮೇಲೆ ನನ್ನನ್ನು ಕೇಳಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ:

‘ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿದ್ರಾ?’

‘ಇಲ್ಲ. ರೂಟ್ ಇರೋದು ಎಸ್‌ಎಸ್‌ಡಿ ಮೇಲೆ ಅಲ್ವಾ, ರೇಡ್ ಮೇಲೆ ಇಲ್ಲವಲ್ಲ. ಅದಕ್ಕೂ ಇದಕ್ಕೂ ಏನ್ ಸಂಬಂಧ?’

ಒಳ್ಳೆಯ ಪ್ರಶ್ನೆ. ಸಂಬಂಧ ಇದೆ. ಕರ್ನಲ್ ಎದ್ದ ಮೇಲೆ, ನಿಜವಾದ ರೂಟ್ ಫೈಲ್‌ಸಿಸ್ಟಮ್ ಸಿಗುವ ಮುಂಚೆ, ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಒಂದು ಪುಟ್ಟ ಲೋಕ ನಡೆಯುತ್ತದೆ. ಎಂಡಿಎಡಿಎಂ ಪ್ಯಾಕೇಜ್ ಹಾಕಿದಾಗ ಅದು ತನ್ನ ಒಂದು ಪ್ರತಿಯನ್ನು, ತನ್ನ ಕಾನ್ಫಿಗ್‌ನ ಒಂದು ಪ್ರತಿಯನ್ನು ಆ ಲೋಕದೊಳಗೂ ಇಟ್ಟಿರುತ್ತದೆ. ಡಿಸ್ಕ್‌ಗಳು ಕಾಣುವುದು ಆ ಹೊತ್ತಿಗೇ. ಅಲ್ಲಿನ ಯುಡೆವ್ ಸಿಕ್ಕ ಎಲ್ಲ ರೇಡ್ ಡಿಸ್ಕ್‌ಗಳನ್ನೂ ಕಟ್ಟುತ್ತದೆ, ಇದು ರೂಟ್‌ಗೆ ಬೇಕಾ ಬೇಡವಾ ಅಂತ ಕೇಳಲ್ಲ. ನಮ್ಮಲ್ಲಿ ಪ್ಯಾಕೇಜ್ ಹಾಕಿದ್ದು ಡಿಸ್ಕ್ ಸಿಕ್ಕಿಸುವ ಮುಂಚೆ, ಹಾಗಾಗಿ ಆ ಒಳಗಿನ ಕಾನ್ಫಿಗ್‌ನಲ್ಲಿ ಅರೇ ಸಾಲುಗಳೇ ಇಲ್ಲ. ಕರ್ನಲ್ ಅಪ್‌ಡೇಟ್ ಬಂದಾಗ ಅದು ಮತ್ತೆ ಕಟ್ಟಿತ್ತು, ಆಗಲೂ ಕಾನ್ಫಿಗ್ ಖಾಲಿಯೇ. ನಿಜವಾದ ರೂಟ್ ಬಂದು, ಕಿರಿಯರು ತಿದ್ದಿದ ಕಾನ್ಫಿಗ್ ಕಣ್ಣಿಗೆ ಬೀಳುವ ಹೊತ್ತಿಗೆ ಟೋಕನ್ ಹಂಚಿ ಮುಗಿದಿರುತ್ತದೆ. ಕಟ್ಟಿ ನಡೆಯುತ್ತಿರುವ ಅರೇಯನ್ನು ಯಾರೂ ಬಿಚ್ಚಿ ಹೆಸರು ಬದಲಿಸಲ್ಲ.

ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಹಾಕಿ, ಒಳಗಿನ ಕಾನ್ಫಿಗ್ ಬಿಚ್ಚಿ ನೋಡಿದರು. ಹೌದು, ಖಾಲಿ. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿ ರೀಬೂಟ್ ಮಾಡಿದ ಮೇಲೆ ಎಂಡಿ1 ಬಂತು. ಡ್ರಾಕಟ್ ಬಳಸುವ ಡಿಸ್ಟ್ರೋಗಳಲ್ಲಿ ಈ ಕೆಲಸಕ್ಕೆ ಡ್ರಾಕಟ್ -ಎಫ್.

ಕೊನೆಗೆ ಏನು ಇಟ್ಟುಕೊಂಡೆವು

ಇಲ್ಲಿ ನಮ್ಮಲ್ಲಿ ಒಂದು ವಾದ ಆಯಿತು. ಕಿರಿಯರಿಗೆ ಎಂಡಿ1 ವಾಪಸ್ ಬಂತಲ್ಲ, ಸಾಕು, ಹನ್ನೆರಡು ಸ್ಕ್ರಿಪ್ಟ್ ತಿದ್ದುವ ಕೆಲಸ ಉಳಿಯಿತು ಅನ್ನಿಸಿತ್ತು. ನನಗೆ ಅದು ಸಾಲದು ಅನ್ನಿಸಿತು. ಕಾನ್ಫಿಗ್ ಸಾಲು ಒಂದು ಕಡೆ ತಪ್ಪಿದರೆ, ಅಥವಾ ಇನಿಟ್‌ರಾಮ್‌ಎಫ್‌ಎಸ್ ಒಂದು ಸಲ ಹಳೆಯದಾದರೆ, ಮತ್ತೆ ಅದೇ ಜಾಗಕ್ಕೆ ಬರುತ್ತೇವೆ. ಹಿರಿಯರು ಮಧ್ಯೆ ಒಂದು ಸಲಹೆ ಕೊಟ್ಟರು: ಕಾನ್ಫಿಗ್‌ನಲ್ಲಿ ಹೋಮ್‌ಹೋಸ್ಟ್ (ಯಾವ ಯಂತ್ರದ ಹೆಸರಿರುವ ಅರೇ ನಮ್ಮದು ಅನ್ನುವ ಸೆಟ್ಟಿಂಗ್) ಜಾಗಕ್ಕೆ ಇಗ್ನೋರ್ ಅಂತ ಕೊಟ್ಟರೆ ಎಲ್ಲ ಅರೇಗಳೂ ನಮ್ಮವೇ ಅಂತ ಆಗುತ್ತಲ್ಲ ಅಂತ. ಆಗುತ್ತದೆ. ಆದರೆ ನಾಳೆ ಯಾರಾದರೂ ಬೇರೆ ಯಂತ್ರದ ಡಿಸ್ಕ್ ತಂದು ಸಿಕ್ಕಿಸಿ, ಅದರ ಹೆಸರೂ 1 ಆಗಿದ್ದರೆ, ಮೊದಲು ಬಂದವರಿಗೆ ಎಂಡಿ1. ಬಾಗಿಲ ಕಾವಲುಗಾರನನ್ನು ಕೆಲಸದಿಂದ ತೆಗೆದ ಹಾಗೆ. ಬಿಟ್ಟೆವು.

ಕೊನೆಗೆ ಒಪ್ಪಿದ್ದು ಹೀಗೆ. ಎಫ್‌ಸ್ಟ್ಯಾಬ್‌ನಲ್ಲಿ ಫೈಲ್‌ಸಿಸ್ಟಮ್‌ನ ಯುಯುಐಡಿ. ಇದೊಂದು ಇದ್ದರೆ ಅರೇಯ ನಂಬರ್ ಏನೇ ಆದರೂ ಸರಿಯಾದ ಜಾಗಕ್ಕೆ ಸರಿಯಾದದ್ದೇ ಮೌಂಟ್ ಆಗುತ್ತದೆ. ಇಲ್ಲಿ ಕಿರಿಯರು ಒಂದು ಸಲ ಎಡವಿದರು, ಎಷ್ಟೋ ಜನ ಎಡವುವ ಜಾಗ ಅದು: ಎಂಡಿಎಡಿಎಂ ತೋರಿಸಿದ ಯುಯುಐಡಿ ತಗೊಂಡು ಎಫ್‌ಸ್ಟ್ಯಾಬ್‌ಗೆ ಹಾಕಿದರು. ಅದು ಅರೇಯ ಗುರುತು, ಒಳಗಿನ ಫೈಲ್‌ಸಿಸ್ಟಮ್‌ನದ್ದಲ್ಲ. ನೋಡಿದ ತಕ್ಷಣ ಗೊತ್ತಾಗುತ್ತದೆ, ಎಂಡಿಎಡಿಎಂನದ್ದು ಎಂಟೆಂಟು ಅಕ್ಷರದ ನಾಲ್ಕು ಗುಂಪು, ಮಧ್ಯೆ ಕೋಲನ್. ಫೈಲ್‌ಸಿಸ್ಟಮ್‌ನದ್ದು ಬಿಎಲ್‌ಕೆಐಡಿಯಲ್ಲಿ ಸಿಗುತ್ತದೆ, ಅದರ ಮಧ್ಯೆ ಸಣ್ಣ ಗೆರೆಗಳು. ಎರಡೂ ಸಾಲಿಗೆ ನೋಫೇಲ್ ಸೇರಿಸಿದೆವು, ಡೇಟಾ ಬರದಿದ್ದರೂ ಯಂತ್ರ ಎದ್ದು ದೂರದಿಂದ ಒಳಗೆ ಹೋಗುವಂತಿರಲಿ ಅಂತ. ಆದರೆ ನೋಫೇಲ್‌ಗೆ ಬೆಲೆ ಇದೆ, ಮೌಂಟ್ ಆಗದೇ ಇದ್ದರೆ /ಬ್ಯಾಕಪ್ ಅನ್ನೋದು ಎಸ್‌ಎಸ್‌ಡಿ ಮೇಲಿನ ಖಾಲಿ ಡೈರೆಕ್ಟರಿ ಆಗುತ್ತದೆ, ಆರ್‌ಸಿಂಕ್ ಖುಷಿಯಾಗಿ ಅದನ್ನೇ ತುಂಬಿಸುತ್ತದೆ. ಹಾಗಾಗಿ ಬ್ಯಾಕಪ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಎರಡು ಪರೀಕ್ಷೆ: ಇದು ನಿಜವಾಗಿ ಮೌಂಟ್ ಪಾಯಿಂಟಾ, ಮತ್ತು ಇದರ ಬೇರಿನಲ್ಲಿ ‘ಇದು ಬ್ಯಾಕಪ್ ವಾಲ್ಯೂಮ್’ ಅನ್ನುವ ಗುರುತಿನ ಫೈಲ್ ಇದೆಯಾ. ಇಲ್ಲದಿದ್ದರೆ ನಿಲ್ಲು. ಆ ಶುಕ್ರವಾರ ಈ ಎರಡನೇ ಪರೀಕ್ಷೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ನಂಬರ್‌ಗಳನ್ನು ಬಿಟ್ಟೇಬಿಟ್ಟೆವು. ಕಾನ್ಫಿಗ್‌ನಲ್ಲಿ ಯುಯುಐಡಿ ಜೊತೆ /ಡೆವ್/ಎಂಡಿ/ಡೇಟಾ, /ಡೆವ್/ಎಂಡಿ/ಬ್ಯಾಕಪ್ ಅಂತ ಹೆಸರು ಕೊಟ್ಟೆವು. ಅರೇ ನಿಲ್ಲಿಸಿ, ಮತ್ತೆ ಕಟ್ಟುವಾಗ --ಅಪ್‌ಡೇಟ್ ಕೊಟ್ಟು ಸೂಪರ್‌ಬ್ಲಾಕ್‌ನ ಹೆಸರು ಮತ್ತು ಹೋಮ್‌ಹೋಸ್ಟ್ ಎರಡನ್ನೂ ಹೊಸದು ಮಾಡಿದೆವು, ಕಾನ್ಫಿಗ್ ಕಳೆದುಹೋದರೂ ಈ ಯಂತ್ರ ಇವನ್ನು ತನ್ನವು ಅಂತ ಗುರುತಿಸಲಿ ಅಂತ. ಸ್ಕ್ರಿಪ್ಟ್‌ಗಳಲ್ಲಿ ಎಂಡಿ1 ಇದ್ದಲ್ಲೆಲ್ಲ ಈ ಹೆಸರು. ಹನ್ನೆರಡರಲ್ಲಿ ಐದು ಸ್ಕ್ರಿಪ್ಟ್ ಯಾರಿಗೂ ಬೇಡವಾಗಿದ್ದವು, ಅವನ್ನು ತಿದ್ದುವ ಬದಲು ಅಳಿಸಿದೆವು.

ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು ಇದನ್ನು ಹೇಗೆ ಮಾಡುತ್ತವೆ ಅಂತ ಆ ದಿನಗಳಲ್ಲಿ ಸ್ವಲ್ಪ ಓದಿದೆ. ಫ್ರೀಬಿಎಸ್‌ಡಿಯ ಜಿಮಿರರ್‌ನಲ್ಲಿ ಡಿಸ್ಕ್ ಮೇಲೆ ಬರೆದ ಹೆಸರೇ ಡಿವೈಸ್ ಫೈಲ್ ಆಗುತ್ತದೆ, /ಡೆವ್/ಮಿರರ್ ಕೆಳಗೆ. ಓಪನ್‌ಬಿಎಸ್‌ಡಿಯ ಸಾಫ್ಟ್‌ರೇಡ್ ಇನ್ನೊಂದು ದಾರಿ ಹಿಡಿದಿದೆ, ಅರೇ ಕೂಡ ಮಾಮೂಲಿ ಎಸ್‌ಡಿ ಡಿಸ್ಕ್ ಥರವೇ ಕಾಣುತ್ತದೆ, ಗುರುತಿಗೆ ಡಿಸ್ಕ್‌ನದ್ದೇ ಒಂದು ವಿಶಿಷ್ಟ ಐಡಿ ಇದೆ, ಎಫ್‌ಸ್ಟ್ಯಾಬ್‌ನಲ್ಲಿ ಅದನ್ನು ಬರೆಯಬಹುದು. ಲಿನಕ್ಸ್‌ನಲ್ಲಿ ಹೆಸರೂ ಇದೆ, ನಂಬರೂ ಇದೆ, ಹಳೆಯ ಅಭ್ಯಾಸವೂ ಇದೆ. ಮೂರೂ ಒಟ್ಟಿಗೆ ಇರುವುದೇ ಗೊಂದಲ.

ಮುಗಿಸುವ ಮುಂಚೆ ಒಂದು ಪರೀಕ್ಷೆ ಮಾಡಿದೆವು. ಬೇರೊಂದು ಯಂತ್ರದಲ್ಲಿ ಎರಡು ಹಳೆಯ ಡಿಸ್ಕ್‌ಗಳ ಮೇಲೆ ಬೇಕಂತಲೇ ‘ಡೇಟಾ’ ಅನ್ನುವ ಹೆಸರಿನ ಅರೇ ಮಾಡಿ, ಆ ಡಿಸ್ಕ್‌ಗಳನ್ನು ಈ ಸರ್ವರ್‌ಗೆ ಸಿಕ್ಕಿಸಿ ಐದು ಸಲ ರೀಬೂಟ್ ಮಾಡಿದೆವು. ಐದೂ ಸಲ ಅದು ತನ್ನ ಯಂತ್ರದ ಹೆಸರು ಹೊತ್ತುಕೊಂಡು ಪಕ್ಕಕ್ಕೆ ನಿಂತಿತು, ನಮ್ಮ ಡೇಟಾ ನಮ್ಮ ಜಾಗದಲ್ಲೇ ಇತ್ತು. ನಂಬರ್‌ಗಳು ಮಾತ್ರ ಪ್ರತಿ ಸಲ ಬೇರೆ ಬೇರೆ, 125ರಿಂದ 127ರವರೆಗೆ ಕುಣಿದವು.

ಕೆಲವು ತಿಂಗಳ ಮೇಲೆ ಹಿರಿಯರು ಒಂದು ಸಂಜೆ ಫೋನ್ ಮಾಡಿದರು. ಎಂಡಿಸ್ಟ್ಯಾಟ್‌ನಲ್ಲಿ ಇನ್ನೂ 127 ಅಂತಲೇ ತೋರಿಸ್ತಿದೆ, ಎಂಡಿ1 ಮಾಡಿಬಿಡಲಾ ಅಂತ ಕೇಳಿದರು. ಬೇಡ, ಅದು ಹಾಗೇ ಇರಲಿ ಬಿಡಿ ಅಂದೆ. ಕಾನ್ಫಿಗ್‌ನಲ್ಲಿ ಕ್ರಿಯೇಟ್ ಸಾಲಿಗೆ ನೇಮ್ಸ್=ಯೆಸ್ ಕೊಟ್ಟರೆ ಕರ್ನಲ್ ಕೂಡ ನಂಬರ್ ಬಿಟ್ಟು ಎಂಡಿ_ಡೇಟಾ ಅಂತಲೇ ಹೆಸರು ಇಡುತ್ತದೆ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಮುಟ್ಟಿದರೆ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕಲ್ವಾ ಅಂದರು.